ಪಾರ್ಕಿನ ಪ್ರೇರಿ ಡಾಗ್‌ಗಳು: ನಿಭಾಯಿಸುವುದು, ಹಿಡಿಯುವುದು, ಬೇರೆ ನೆಲಕ್ಕೆ ಸಾಗಿಸುವುದು

ಪ್ರೇರಿ ಡಾಗ್ ಹಿಡಿಯುವುದು ದೊಡ್ಡ ಕೆಲಸವಲ್ಲ. ಬೋನಿನಲ್ಲಿ ಒಂದು ಹಿಡಿ ಸಿಹಿ ಕಾಳು ಇಟ್ಟರೆ ಅದಾಗಿಯೇ ಒಳಗೆ ಬರುತ್ತದೆ. ಹಿಡಿದದ್ದನ್ನು ಎಲ್ಲಿ ಬಿಡುವುದು, ಯಾರ ಜೊತೆ ಬಿಡುವುದು, ಬಿಟ್ಟ ಮೊದಲ ರಾತ್ರಿ ಅದು ಎಲ್ಲಿ ಮಲಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಶುರುವಾದ ಕೆಲಸಗಳೇ ಮುಗ್ಗರಿಸುವುದು. ಹಾಗಾಗಿ ಈ ಬರಹದಲ್ಲಿ ಬೋನಿನ ಮಾತು ಬರುವ ಹೊತ್ತಿಗೆ ಅರ್ಧ ದಾರಿ ಕಳೆದಿರುತ್ತದೆ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್, ಬೌಲ್ಡರ್, ಫೋರ್ಟ್ ಕಾಲಿನ್ಸ್ ಸುತ್ತಿನ ಪಾರ್ಕುಗಳಿಗೆ, ಅಲ್ಲಿನ ಕಪ್ಪುಬಾಲದ ಪ್ರೇರಿ ಡಾಗ್‌ಗೆ ಅನ್ವಯಿಸುವಂಥದ್ದು. ಆ ಕಡೆ ಮನೆ ಮಾಡಿಕೊಂಡು ಬಡಾವಣೆಯ ಸಂಘದಲ್ಲೋ ಪಾರ್ಕಿನ ಸ್ವಯಂಸೇವಕರ ಗುಂಪಿನಲ್ಲೋ ಇರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು.

ಮೊದಲು ಪ್ರಾಣಿಯ ಪರಿಚಯ

ಹೆಸರಿನಲ್ಲಿ ಡಾಗ್ ಇದೆ, ಆದರೆ ಇದು ನಾಯಿಯಲ್ಲ, ಅಳಿಲಿನ ಬಳಗದ್ದು. ತೂಕ ಹೆಚ್ಚುಕಡಿಮೆ ಒಂದು ಕೆಜಿ. ಅಪಾಯ ಕಂಡಾಗ ಕೂಗುವ ಸದ್ದು ನಾಯಿ ಬೊಗಳಿದಂತಿರುವುದರಿಂದ ಈ ಹೆಸರು. ಒಟ್ಟು 5 ಜಾತಿಗಳಿವೆ. ಅದರಲ್ಲಿ ಯೂಟಾ ಪ್ರೇರಿ ಡಾಗ್ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಜಾತಿ, ಅದನ್ನು ಮುಟ್ಟುವ ಮಾತೇ ಬೇರೆ. ಕಪ್ಪುಬಾಲದ್ದು ಚಳಿನಿದ್ದೆಗೆ ಜಾರುವುದಿಲ್ಲ, ಹಿಮ ಬಿದ್ದ ಮರುದಿನವೂ ಬಿಸಿಲಿದ್ದರೆ ಹೊರಗೆ ಬರುತ್ತದೆ.

ಇವು ನೆಲದಲ್ಲಿ ಬಿಲ ತೋಡಿ ಒಟ್ಟಾಗಿ ವಾಸಿಸುವ ಇಡೀ ಕಾಲೊನಿ ಒಂದೇ ಗುಂಪು ಎಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪಿದಂತೆ. ಒಳಗೆ ಪ್ರತ್ಯೇಕ ಕುಟುಂಬಗಳಿರುತ್ತವೆ: ಸಾಮಾನ್ಯವಾಗಿ ಒಂದು ಬೆಳೆದ ಗಂಡು, ಮೂರು ನಾಲ್ಕು ಹೆಣ್ಣು, ಅವುಗಳ ಮರಿಗಳು. ಒಂದೊಂದು ಕುಟುಂಬಕ್ಕೂ ಸುಮಾರು ಮುಕ್ಕಾಲು ಎಕರೆಯ ಗಡಿ. ಒಂದೇ ಮನೆಯವು ಎದುರಾದರೆ ಬಾಯಿಗೆ ಬಾಯಿ ತಾಗಿಸಿ ಗುರುತು ಹಿಡಿಯುತ್ತವೆ, ಪಕ್ಕದ ಮನೆಯದಾದರೆ ಬಾಲದ ಕೂದಲು ಬಾಟಲಿ ಬ್ರಷ್‌ನಂತೆ ನಿಮಿರುತ್ತದೆ, ಹಲ್ಲು ಕಡಿಯುವ ಸದ್ದು ಕೇಳುತ್ತದೆ. ಬೋನಿಡುವ ಮೊದಲು ನೀವು ಮಾಡಿಕೊಳ್ಳಬೇಕಾದ ಕುಟುಂಬಗಳ ನಕ್ಷೆಗೆ ಬೇಕಾದ ಮಾಹಿತಿ ಇಷ್ಟೇ.

ಫೆಬ್ರವರಿ–ಮಾರ್ಚಿನಲ್ಲಿ ಬೆದೆ, ಸುಮಾರು 35 ದಿನದ ಗರ್ಭ, ಹುಟ್ಟಿದ ಮರಿ ಆರು ವಾರ ಬಿಲದೊಳಗೇ. ಅಂದರೆ ಮರಿಗಳು ನೆಲದ ಮೇಲೆ ಕಾಣುವುದು ಮೇ ಅಥವಾ ಜೂನ್. ಅದಕ್ಕೂ ಮೊದಲು ತಾಯಿಯನ್ನು ಹಿಡಿದೊಯ್ದರೆ ಮರಿಗಳು ನೆಲದಡಿಯಲ್ಲೇ ಹಸಿದು ಸಾಯುತ್ತವೆ. ಅಕ್ಟೋಬರ್ ದಾಟಿದ ಮೇಲೆ ಸಾಗಿಸಿದರೆ ಹೊಸ ಜಾಗದಲ್ಲಿ ಬಿಲ ತೋಡಿಕೊಳ್ಳುವ ಮೊದಲೇ ನೆಲ ಹೆಪ್ಪುಗಟ್ಟುತ್ತದೆ. ಕೆಲಸಕ್ಕೆ ಸಿಗುವ ಕಾಲ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ, ಅಷ್ಟೇ.

ಸಾಗಿಸಲೇಬೇಕೇ?

ಅಣೆಕಟ್ಟಿನ ಮಣ್ಣಿನ ಏರಿ, ನೀರಾವರಿ ಕಾಲುವೆಯ ದಂಡೆ, ಮಕ್ಕಳು ಓಡುವ ಸಾಕರ್ ಮೈದಾನ, ಈ ಮೂರು ಕಡೆ ಬಿಲ ಇದ್ದರೆ ರಾಜಿ ಇಲ್ಲ. ಮಿಕ್ಕ ಕಡೆ ಬೇಲಿಯೇ ಅಗ್ಗ. ಟೆಕ್ಸಾಸಿನ ಲಬ್ಬಕ್ ಊರಿನ ಮೆಕೆಂಜಿ ಪಾರ್ಕಿನಲ್ಲಿ 1930ರ ದಶಕದಿಂದ ಒಂದು ಕಾಲೊನಿಯನ್ನು ಮೋಟುಗೋಡೆಯೊಳಗೆ ಉಳಿಸಿಕೊಂಡಿದ್ದಾರೆ, ಜನ ಅದನ್ನು ನೋಡಲೆಂದೇ ಬರುತ್ತಾರೆ.

ಪ್ರೇರಿ ಡಾಗ್‌ಗೆ ಸುತ್ತ ಕಣ್ಣು ಹಾಯಬೇಕು. ಎತ್ತರದ ಹುಲ್ಲನ್ನು ಕಡಿದು ಬೀಳಿಸುವುದು ತಿನ್ನಲಿಕ್ಕಲ್ಲ, ನರಿ–ಗಿಡುಗ ಬರುವುದು ಕಾಣಲಿ ಎಂದು. ಕಣ್ಣಿಗೆ ತಡೆಯಾದರೆ ಆ ಕಡೆ ಹೋಗಲು ಹಿಂಜರಿಯುತ್ತದೆ. ಬೇಲಿ ಹೀಗಿರಲಿ: ನೆಲದ ಮೇಲೆ 3ರಿಂದ 4 ಅಡಿ, ಆಚೆ ಕಾಣದಂಥ ವಿನೈಲ್ ಹಲಗೆ ಅಥವಾ ಗಟ್ಟಿ ಶೀಟು. ಬುಡಕ್ಕೆ 1 ಇಂಚು ಕಣ್ಣಿನ ಕೋಳಿಜಾಲರಿ ಕಟ್ಟಿ, ಅದನ್ನು ನೆಲದೊಳಗೆ ಒಂದೂವರೆಯಿಂದ 2 ಅಡಿ ಇಳಿಸಿ, ಕೆಳತುದಿಯನ್ನು ಕಾಲೊನಿಯ ಕಡೆಗೆ ಒಂದಡಿ ಮಡಿಚಿ ಹೂಳಿ. ತೋಡುವ ಪ್ರಾಣಿ ಬೇಲಿಯ ಬುಡಕ್ಕೇ ಬಂದು ತೋಡುತ್ತದೆ, ಕಾಲಡಿಯಲ್ಲಿ ಜಾಲರಿ ಸಿಕ್ಕಿದರೆ ಬಿಟ್ಟು ಹೋಗುತ್ತದೆ. ಬರೀ ಜಾಲರಿಯ ಬೇಲಿ ಹಾಕಿದವರಿಗೆ ಬೇಲಿಯೂ ಇದೆ, ಪ್ರೇರಿ ಡಾಗೂ ಇದೆ. ಆಚೆ ಕಾಣುತ್ತಿದ್ದರೆ ಅದು ಹತ್ತಿಯೇ ಹತ್ತುತ್ತದೆ. ಬೇಲಿಯ ಹೊರಬದಿಗೆ ಹತ್ತಿಪ್ಪತ್ತು ಅಡಿ ಅಗಲಕ್ಕೆ ಹುಲ್ಲನ್ನು ಕತ್ತರಿಸದೆ ಬಿಡುವುದು ಇನ್ನೊಂದು ಭದ್ರತೆ. ಎಳೆ ಮರಗಳ ಬುಡಕ್ಕೆ 3 ಅಡಿ ಜಾಲರಿ ಸುತ್ತಿದರೆ ಸಾಕು.

ಅಂಚಿನ ನಾಲ್ಕೈದು ಬಿಲಗಳಷ್ಟೇ ತೊಂದರೆಯಾದರೆ, ಬಿಲದ ಬಾಯಿಗೆ ಹೊರಕ್ಕೆ ಮಾತ್ರ ತೆರೆಯುವ ಬಾಗಿಲು ಕೂರಿಸಿ ಅವನ್ನು ಕಾಲೊನಿಯ ನಡುವಿಗೆ ಸರಿಸಬಹುದು. ಆದರೆ ನಡುವೆ ಜಾಗ ಖಾಲಿ ಇರಬೇಕು. ನಗರದ ಕಾಲೊನಿಗಳು ಸುತ್ತ ರಸ್ತೆ, ಕಟ್ಟಡಗಳ ಮಧ್ಯೆ ಸಿಕ್ಕಿ ಆಗಲೇ ಕಿಕ್ಕಿರಿದಿರುತ್ತವೆ. ಒತ್ತೊತ್ತಾಗಿದ್ದಲ್ಲಿಗೆ ಇನ್ನೊಂದು ಕುಟುಂಬವನ್ನು ತಳ್ಳಿದರೆ ವಾರದೊಳಗೆ ಕಚ್ಚಾಡಿ ಅವು ಮತ್ತೆ ಅಂಚಿಗೇ ಬರುತ್ತವೆ.

ವಿಷಹೊಗೆಯ ದಾರಿಯೂ ಇದೆ, ಹಲವು ಕಡೆ ಕಾನೂನುಬದ್ಧವೂ ಹೌದು. ಆದರೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಪಾರ್ಕಿನ ಸರಕಲ್ಲ. 2010ರಲ್ಲಿ ಯೂಟಾದ ಲೇಟನ್‌ನಲ್ಲಿ ಮನೆಯ ಹತ್ತಿರದ ಬಿಲಕ್ಕೆ ಹಾಕಿದ ಇದೇ ಮಾತ್ರೆಯ ಅನಿಲದಿಂದ ಇಬ್ಬರು ಪುಟ್ಟ ಮಕ್ಕಳು ಸತ್ತ ಮೇಲೆ, ಜನ ಅಥವಾ ಸಾಕುಪ್ರಾಣಿ ವಾಸಿಸುವ ಕಟ್ಟಡದಿಂದ 100 ಅಡಿಯೊಳಗೆ ಬಿಲಗಳಿಗೆ ಹಾಕುವುದನ್ನು ನಿಷೇಧಿಸಲಾಯಿತು.

ಕಾಗದಪತ್ರ

ಕೊಲೊರಾಡೊದಲ್ಲಿ ಪ್ರೇರಿ ಡಾಗನ್ನು ಜೀವಂತ ಸಾಗಿಸಲು ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಪರವಾನಗಿ ಬೇಕು. 1999ರ ಕಾನೂನಿನಂತೆ, ಒಂದು ಕೌಂಟಿಯಿಂದ (ನಮ್ಮ ಜಿಲ್ಲೆಯಂಥದ್ದು) ಇನ್ನೊಂದಕ್ಕೆ ಒಯ್ಯುವುದಾದರೆ ತೆಗೆದುಕೊಳ್ಳುವ ಕೌಂಟಿಯ ಆಡಳಿತ ಮಂಡಳಿ ಠರಾವು ಮಾಡಿ ಒಪ್ಪಬೇಕು. ದನ ಮೇಯಿಸುವ ರೈತರಿರುವ ಕೌಂಟಿಗಳು ಇದಕ್ಕೆ ಸುಲಭವಾಗಿ ತಲೆಯಾಡಿಸುವುದಿಲ್ಲ, ಹುಲ್ಲಿಗೆ ಪೈಪೋಟಿ ಯಾರಿಗೆ ಬೇಕು? ಆದ್ದರಿಂದ ಅದೇ ಕೌಂಟಿಯೊಳಗೆ ಜಾಗ ಹುಡುಕುವುದು ಜಾಣತನ. ಊರಿನ ನಿಯಮ ಬೇರೆ ಇರುತ್ತದೆ. ಬೌಲ್ಡರ್‌ನಲ್ಲಿ ಕೊಲ್ಲುವ ಮೊದಲು ಬೇರೆ ದಾರಿಗಳನ್ನು ಪರಿಶೀಲಿಸಿ ಪರವಾನಗಿ ಪಡೆಯಬೇಕು. ನ್ಯೂ ಮೆಕ್ಸಿಕೊದ ಸಾಂಟಾ ಫೆಯಲ್ಲಿ ಕಟ್ಟಡ ಕಟ್ಟುವ ಮೊದಲೇ ಅಲ್ಲಿನ ಗನ್ನಿಸನ್ ಜಾತಿಯ ಪ್ರೇರಿ ಡಾಗ್‌ಗಳನ್ನು ಸಾಗಿಸಬೇಕು. ಈ ಎಲ್ಲ ಒಪ್ಪಿಗೆಗೆ ತಿಂಗಳುಗಳೇ ಹಿಡಿಯುತ್ತವೆ. ಬೇಸಿಗೆಯ ಕೆಲಸಕ್ಕೆ ಹಿಂದಿನ ಶರತ್ಕಾಲದಲ್ಲೇ ಅರ್ಜಿ ಹಾಕಿ.

ಗೂಬೆಯ ಲೆಕ್ಕವೂ ಇದೆ. ಹಳೆಯ ಬಿಲಗಳಲ್ಲಿ ಬಿಲಗೂಬೆ ವಾಸಿಸುತ್ತದೆ. ಕೊಲೊರಾಡೊದಲ್ಲಿ ಅದು ಅಪಾಯದಂಚಿನ ಹಕ್ಕಿ, ವಲಸೆ ಹಕ್ಕಿಗಳ ಕೇಂದ್ರ ಕಾಯ್ದೆಯ ರಕ್ಷಣೆಯೂ ಇದೆ. ಮಾರ್ಚ್ ಮಧ್ಯದಿಂದ ಅಕ್ಟೋಬರ್ ಕೊನೆಯೊಳಗೆ ಏನೇ ಕೆಲಸವಿದ್ದರೂ ಮೊದಲು ವಾರಕ್ಕೊಂದರಂತೆ ಮೂರು ಸಲ, ಸೂರ್ಯೋದಯದ ಆಸುಪಾಸು ಅಥವಾ ಸಂಜೆ, ದುರ್ಬೀನು ಹಿಡಿದು ನೋಡಿ. ಬಿಲದ ಬಾಯಲ್ಲಿ ಬಿಳಿ ಹಿಕ್ಕೆ, ಗರಿ, ಕೀಟದ ರೆಕ್ಕೆಚೂರು ತುಂಬಿದ ಉಂಡೆ ಕಂಡರೆ ಆ ಬಿಲದ ಹತ್ತಿರ ಕೆಲಸ ನಿಲ್ಲಿಸಿ ಇಲಾಖೆಗೆ ತಿಳಿಸಿ.

ಚಿಗಟ: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಬೆಂಗಳೂರಿಗೆ 1898ರಲ್ಲಿ ಬಂದು, ಪ್ಲೇಗ್ ಮಾರಮ್ಮನ ಗುಡಿಗಳನ್ನು ಕಟ್ಟಿಸಿದ, ಮಲ್ಲೇಶ್ವರ–ಬಸವನಗುಡಿ ಬಡಾವಣೆಗಳಿಗೆ ಕಾರಣವಾದ ಅದೇ ಮಹಾಮಾರಿಯ ಇನ್ನೊಂದು ಕವಲು 1900ರಲ್ಲಿ ಹಡಗು ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿತು. ಅಲ್ಲಿಂದ ಕಾಡಿನ ದಂಶಕಗಳಿಗೆ ಇಳಿದದ್ದು ಇವತ್ತಿಗೂ ಹೋಗಿಲ್ಲ. ಪ್ರೇರಿ ಡಾಗ್‌ಗೆ ಚಿಗಟ ಕಚ್ಚಿ ಹರಡುವ ಈ ಪ್ಲೇಗ್ ರೋಗ ತಡೆದುಕೊಳ್ಳುವ ಶಕ್ತಿ ಇಲ್ಲ, ಒಂದು ಕಾಲೊನಿಗೆ ಹೊಕ್ಕರೆ ನೂರಕ್ಕೆ 90ಕ್ಕೂ ಹೆಚ್ಚು ಸಾಯುತ್ತವೆ. 2019ರ ಬೇಸಿಗೆಯಲ್ಲಿ ಡೆನ್ವರ್ ಪಕ್ಕದ ರಾಕಿ ಮೌಂಟನ್ ಆರ್ಸೆನಲ್ ವನ್ಯಧಾಮವನ್ನು ಇದೇ ಕಾರಣಕ್ಕೆ ಜನರಿಗೆ ಮುಚ್ಚಬೇಕಾಯಿತು.

ಬೋನಿಡುವ ಒಂದೆರಡು ವಾರ ಮೊದಲು ಚಿಗಟ ಕೊಲ್ಲುವ ಡೆಲ್ಟಾಮೆಥ್ರಿನ್ ಪುಡಿಯನ್ನು ಬಿಲಬಿಲಕ್ಕೂ ಊದಬೇಕು, ಒಂದು ಬಾಯಿಗೆ 4ರಿಂದ 6 ಗ್ರಾಂ. ಪರವಾನಗಿ ಇರುವ ಕೀಟನಾಶಕ ಸಿಬ್ಬಂದಿಯೇ ಇದನ್ನು ಮಾಡಲಿ. ನೆಲದ ಮೇಲೆ ಉದುರಿಸಿದರೆ ಪ್ರಯೋಜನವಿಲ್ಲ, ಕೊಳವೆಯನ್ನು ಒಂದಡಿಯಾದರೂ ಒಳಗಿಟ್ಟು ಊದಬೇಕು. ಖಾಲಿ ಕಾಣುವ ಬಿಲಗಳನ್ನು ಬಿಟ್ಟರೆ ಹಸಿದ ಚಿಗಟಗಳು ಅಲ್ಲೇ ಕಾದಿರುತ್ತವೆ. ಬಿಡುವ ಜಾಗದ ಬಿಲಗಳಿಗೂ ಇದೇ ಉಪಚಾರ.

ಕೆಲಸದವರು ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ತುರುಕಿ, ಕೀಟನಿವಾರಕ ಹಚ್ಚಿಕೊಂಡು, ದಪ್ಪ ಚರ್ಮದ ಗ್ಲೌಸ್ ಹಾಕಿಕೊಳ್ಳಬೇಕು. ವಾರದೊಳಗೆ ಜ್ವರ, ಕಂಕುಳು ಅಥವಾ ತೊಡೆಸಂದಿಯಲ್ಲಿ ಗಂಟು ಕಂಡರೆ ಆ ದಿನವೇ ವೈದ್ಯರ ಬಳಿ ಹೋಗಿ, ಪ್ರೇರಿ ಡಾಗ್ ಮುಟ್ಟಿದ್ದನ್ನು ಮೊದಲ ಮಾತಲ್ಲೇ ಹೇಳಿ. ಬೇಗ ಗೊತ್ತಾದರೆ ಆಂಟಿಬಯಾಟಿಕ್‌ಗೆ ಬಗ್ಗುವ ರೋಗ ಇದು. ನಿನ್ನೆವರೆಗೆ ಗದ್ದಲವಿದ್ದ ಕಾಲೊನಿ ಇದ್ದಕ್ಕಿದ್ದಂತೆ ಮೌನವಾದರೆ ಒಂದನ್ನೂ ಸಾಗಿಸಬೇಡಿ, ಕೌಂಟಿ ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಹಿಡಿದ ಮರಿಯನ್ನು ಮನೆಗೆ ಒಯ್ದು ಸಾಕುವ ಆಸೆಯೂ ಬೇಡ. 2003ರಲ್ಲಿ ಅಮೆರಿಕದ 6 ರಾಜ್ಯಗಳಲ್ಲಿ 47 ಜನರಿಗೆ ಮಂಕಿಪಾಕ್ಸ್ ಅಂಟಿದ್ದು ಸಾಕಿದ ಪ್ರೇರಿ ಡಾಗ್‌ಗಳಿಂದಲೇ.

ಬಿಡುವ ಜಾಗ ಸಿದ್ಧಮಾಡುವುದು

ಹಿಂದೆ ಪ್ರೇರಿ ಡಾಗ್ ಇದ್ದು ಪ್ಲೇಗಿನಿಂದಲೋ ಇನ್ನೇನರಿಂದಲೋ ಖಾಲಿಯಾದ ಹಳೆಯ ಕಾಲೊನಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಬಿಲಗಳು ಆಗಲೇ ಇರುತ್ತವೆ. ಇಳಿಜಾರು ನೂರಕ್ಕೆ ಹತ್ತಕ್ಕಿಂತ ಕಡಿಮೆ, ಆಳವಾದ ಗೋಡು ಮಣ್ಣು, ಬ್ಲೂ ಗ್ರಾಮ, ಬಫಲೋ ಗ್ರಾಸ್‌ನಂಥ ಗಿಡ್ಡ ಹುಲ್ಲು ಇರಲಿ. ಹುಲ್ಲು ಎತ್ತರವಾಗಿದ್ದರೆ ಬಿಡುವ ಕೆಲವು ದಿನ ಮೊದಲು 4ರಿಂದ 6 ಇಂಚಿಗೆ ಕತ್ತರಿಸಿ. ಮೊಣಕಾಲೆತ್ತರದ ಹುಲ್ಲಿನಲ್ಲಿ ಬಿಟ್ಟವು ಮರುದಿನ ಬೆಳಿಗ್ಗೆ ಅಲ್ಲಿರುವುದಿಲ್ಲ. ಕಡಿಮೆಯೆಂದರೆ 60 ಪ್ರಾಣಿಗಳನ್ನಾದರೂ ಒಟ್ಟಿಗೆ ಒಯ್ಯುವುದು ಒಳ್ಳೆಯದು. ಎಚ್ಚರಿಸುವ ಕಣ್ಣುಗಳು ಹೆಚ್ಚಿದ್ದಷ್ಟೂ ತಿನ್ನಲು ಸಮಯ ಹೆಚ್ಚು.

ಹಳೆಯ ಬಿಲ ಇಲ್ಲವೆಂದರೆ ಕೃತಕ ಬಿಲ ಮಾಡಬೇಕು. ಸಾಮಾನು: ತಳವಿಲ್ಲದ ಪ್ಲಾಸ್ಟಿಕ್ ನೀರಾವರಿ ವಾಲ್ವ್ ಪೆಟ್ಟಿಗೆ ಒಂದು (ಸುಮಾರು 15×20 ಇಂಚು, ಮುಚ್ಚಳ ಸಮೇತ), ರಂಧ್ರವಿಲ್ಲದ ಸುಕ್ಕುಗಟ್ಟಿದ 4 ಇಂಚಿನ ಡ್ರೈನ್ ಪೈಪು 10 ಅಡಿಯ ಎರಡು ತುಂಡು, ಗಟ್ಟಿ ಜಾಲರಿ, ಒಂದು ತೆಕ್ಕೆ ಒಣಹುಲ್ಲು.

1. ಮಣ್ಣು ತೆಗೆಯುವ ಯಂತ್ರದಿಂದ ಇಪ್ಪತ್ತಡಿ ಉದ್ದದ ಕಂದಕ ತೆಗೆಸಿ. ನಡುವೆ 4 ಅಡಿ ಆಳ, ಎರಡೂ ತುದಿಗೆ ಇಳಿಜಾರಾಗಿ ಮೇಲೇರಲಿ.
2. ನಡುವೆ ಪೆಟ್ಟಿಗೆ ಇಟ್ಟು ಒಳಗೆ ಒಣಹುಲ್ಲು ಹಾಕಿ. ತಳ ಮಣ್ಣೇ ಆಗಿರಲಿ. ಅಲ್ಲಿಂದ ಅವು ತಮಗೆ ಬೇಕಾದಂತೆ ಮುಂದಕ್ಕೆ ತೋಡಿಕೊಳ್ಳುತ್ತವೆ, ಒದ್ದೆಯಾದರೆ ನೀರೂ ಇಂಗುತ್ತದೆ.
3. ಎರಡು ಪಕ್ಕಕ್ಕೆ ಎರಡು ಪೈಪು ಜೋಡಿಸಿ, ಸಂದಿಗೆ ಮಣ್ಣು ಇಳಿಯದಂತೆ ಮುಚ್ಚಿ. ಪೆಟ್ಟಿಗೆಯ ಮೇಲೆ ಜಾಲರಿ ಹಾಸಿ, ಇದು ಬ್ಯಾಡ್ಜರ್ (ಬಿಲ ತೋಡಿ ಬೇಟೆಯಾಡುವ ಪ್ರಾಣಿ) ತೋಡದಿರಲೆಂದು.
4. ಮಣ್ಣು ಪದರಪದರವಾಗಿ ಹಾಕಿ ತುಳಿದು ಗಟ್ಟಿಮಾಡಿ. ಪೈಪಿನ ಬಾಯಿಯ ಸುತ್ತ 6 ಇಂಚು ಎತ್ತರದ ದಿಬ್ಬ ಕಟ್ಟಿ. ಒಂದು ಬಾಯಿ ಇನ್ನೊಂದಕ್ಕಿಂತ ಎತ್ತರವಿರಲಿ, ಗಾಳಿ ಬೀಸಿದಾಗ ತಗ್ಗಿನ ಬಾಯಿಂದ ಒಳಬಂದು ಎತ್ತರದ ಬಾಯಿಂದ ಹೊರಹೋಗುತ್ತದೆ. ಪ್ರೇರಿ ಡಾಗ್‌ಗಳೇ ಕಟ್ಟುವ ಬಿಲದ ಲೆಕ್ಕವೂ ಇದೇ.

ನುಣುಪಾದ ಪಿವಿಸಿ ಪೈಪು ಹಾಕಿ ಕೈಸುಟ್ಟುಕೊಳ್ಳಬೇಡಿ, ಉಗುರಿಗೆ ಹಿಡಿತ ಸಿಗದೆ ಒಳಗಿಳಿದದ್ದು ಮೇಲೆ ಬರಲಾಗದು. 6 ಇಂಚಿನ ಪೈಪಾದರೆ ಬೇಟೆಗಾರ ಪ್ರಾಣಿಗೂ ದಾರಿ. ತೂತಿರುವ ಪೈಪು ಮೊದಲ ಮಳೆಗೇ ಕೆಸರು ತುಂಬಿಕೊಳ್ಳುತ್ತದೆ. ಒಂದು ಕುಟುಂಬಕ್ಕೆ ಇಂಥ ಎರಡು ಬಿಲ, ನಡುವೆ ಮೂವತ್ತು ನಲವತ್ತು ಅಡಿ ಅಂತರ. ಸುತ್ತ 4 ಇಂಚಿನ ಆಗರ್‌ನಿಂದ (ನೆಲ ಕೊರೆಯುವ ತಿರುಪು) ಓರೆಯಾಗಿ 3–4 ಅಡಿ ಆಳದ ಐದಾರು ತೂತು ಕೊರೆದಿಟ್ಟರೆ ಓಡಿ ಅಡಗಲು ನೆರವಾಗುತ್ತದೆ.

ಈಗ ಬೋನು

ಮೂರು ನಾಲ್ಕು ಬೆಳಿಗ್ಗೆ ದೂರದಲ್ಲಿ ಕೂತು ನೋಡಿ. ಯಾರು ಯಾರ ಜೊತೆ ಮೂತಿ ತಾಗಿಸುತ್ತಾರೆ, ಎಲ್ಲಿ ಜಗಳ ಶುರುವಾಗುತ್ತದೆ ಎಂದು ಗುರುತು ಹಾಕಿಕೊಂಡು ಪ್ರತಿ ಕುಟುಂಬದ ಬಿಲಗಳಿಗೆ ಒಂದೊಂದು ಬಣ್ಣದ ಬಾವುಟ ಚುಚ್ಚಿ. ನ್ಯೂ ಮೆಕ್ಸಿಕೊದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಕುಟುಂಬದೊಂದಿಗೇ ಸಾಗಿಸಿದವು ಬೇರೆಬೇರೆ ಮಾಡಿ ಸಾಗಿಸಿದವುಗಳಿಗಿಂತ 5 ಪಟ್ಟು ಹೆಚ್ಚು ಬದುಕಿದವು. ಬಾವುಟಕ್ಕೆ ತಗಲುವ ಖರ್ಚು ಎಷ್ಟು ಮಹಾ!

ಯಾವ ಬಿಲದಲ್ಲಿ ವಾಸವಿದೆ ಎಂದು ತಿಳಿಯಲು ಸಂಜೆ ಎಲ್ಲ ಬಾಯಿಗಳಿಗೂ ಮುದುಡಿದ ನ್ಯೂಸ್‌ಪೇಪರ್ ತುರುಕಿ ತೆಳುವಾಗಿ ಮಣ್ಣು ಮುಚ್ಚಿ. ಎರಡು ಮೂರು ದಿನದಲ್ಲಿ ತೆರೆದವು ಬಳಕೆಯಲ್ಲಿರುವ ಬಿಲ. ಬಿಲ ಎಣಿಸಿ ಪ್ರಾಣಿಯ ಸಂಖ್ಯೆ ಅಂದಾಜು ಮಾಡಬೇಡಿ, ಅದು ಯಾವತ್ತೂ ತಾಳೆಯಾಗುವುದಿಲ್ಲ.

ತಂತಿಬೋನಿನ ಅಳತೆ 24×6×6 ಇಂಚು ಇದ್ದರೆ ಸಾಕು. ಆಹಾರ: ಕಾಕಂಬಿ ಸವರಿದ ಮೆಕ್ಕೆಜೋಳ, ಓಟ್ಸ್, ಬಾರ್ಲಿಯ ಮಿಶ್ರಣ, ಕುದುರೆ ಮೇವಿನ ಅಂಗಡಿಯಲ್ಲಿ ಚೀಲಗಟ್ಟಲೆ ಸಿಗುತ್ತದೆ. ಬಿಲದ ಬಾಯಿಂದ ಮೂರು ನಾಲ್ಕಡಿ ದೂರ ಬೋನು ಇಟ್ಟು, ಬಾಗಿಲನ್ನು ತಂತಿಯಿಂದ ತೆರೆದೇ ಕಟ್ಟಿ, 5ರಿಂದ 7 ದಿನ ಹಾಗೇ ಮೇಯಲು ಬಿಡಿ. ಮೊದಲ ದಿನ ಬೋನಿನ ಹೊರಗೆ ಒಂದು ಹಿಡಿ, ಮರುದಿನ ಬಾಗಿಲಲ್ಲಿ, ಆಮೇಲೆ ತುಳಿಹಲಗೆಯ ಆಚೆ. ಈ ವಾರವನ್ನು ಉಳಿಸಲು ಹೋದವರು ಕೊನೆಗೆ ಎರಡು ವಾರ ಕಳೆದುಕೊಳ್ಳುತ್ತಾರೆ. ಒಮ್ಮೆ ಬೆದರಿದ ಪ್ರಾಣಿ ಬೋನಿನ ಸುತ್ತ ಸುತ್ತಿ ಹೊರಗಿನ ಕಾಳನ್ನಷ್ಟೇ ಆರಿಸಿ ತಿಂದು ಹೋಗುತ್ತದೆ.

ಹಿಡಿಯುವ ದಿನ ಬೆಳಕು ಹರಿಯುವಾಗ ಬಾಗಿಲು ಸಜ್ಜು ಮಾಡಿ, ಮೇಲೆ ಗೋಣಿತಟ್ಟು ಹೊದಿಸಿ. ಎರಡು ಗಂಟೆ ಮೀರದಂತೆ ನೋಡುತ್ತಿರಬೇಕು, ಬಿಸಿಲೇರಿದ ಹಾಗೆ ಇನ್ನೂ ಬೇಗ. 27 ಡಿಗ್ರಿ ಸೆಲ್ಸಿಯಸ್ ಹತ್ತಿರವಾದರೆ ಎಲ್ಲ ಬೋನು ಮುಚ್ಚಿ. ಬಿಸಿಲಲ್ಲಿ ತಂತಿಬೋನು ಒಲೆಯ ಹಾಗೆ. ಸಿಕ್ಕದ್ದಕ್ಕೆ ಕುಟುಂಬದ ಬಣ್ಣದ ಪಟ್ಟಿ ಅಂಟಿಸಿ, ನೆರಳಲ್ಲಿ ಕುಟುಂಬವಾರು ಜೋಡಿಸಿಡಿ. ನೀರಿನ ಬಟ್ಟಲು ಪ್ರಯಾಣದಲ್ಲಿ ಚೆಲ್ಲಿ ಒದ್ದೆ ಮಾಡುತ್ತದೆ, ಸೇಬು ಅಥವಾ ಕ್ಯಾರೆಟ್ ಹೋಳು ಸಾಕು. ಒಂದು ಕುಟುಂಬ ಮುಗಿಯದೆ ಇನ್ನೊಂದಕ್ಕೆ ಕೈಹಾಕಬೇಡಿ.

ಕೊನೆಯ ಕೆಲವು ಮಾತ್ರ ಯಾವ ಕಾಳಿಗೂ ಬಗ್ಗುವುದಿಲ್ಲ. ಅವಕ್ಕೆ ನೊರೆನೀರು: ಟ್ಯಾಂಕರಿನಿಂದ ಪೈಪು ಇಳಿಸಿ, ಪಾತ್ರೆ ತೊಳೆಯುವ ಸೌಮ್ಯ ಸೋಪು ಬೆರೆಸಿದ ನೊರೆಯನ್ನು ಬಿಲಕ್ಕೆ ತುಂಬುವುದು. ನೊರೆ ಮೇಲೇರಿದಂತೆ ಪ್ರಾಣಿ ಸೀನುತ್ತ ಬಾಯಿಗೆ ಬರುತ್ತದೆ. ಭುಜದ ಹಿಂದೆ ಕೈಹಾಕಿ ಹಿಡಿದು, ಕಣ್ಣನ್ನು ಸಲೈನಿನಿಂದ ತೊಳೆದು, ಟವೆಲಿನಲ್ಲಿ ಒರೆಸಿ, ಪೂರ್ತಿ ಒಣಗುವ ತನಕ ಗಾಳಿ ಬೀಸದ ಒಣ ಪಂಜರದಲ್ಲಿಡಬೇಕು. ಚಳಿಯ ದಿನ, ಮೋಡದ ದಿನ ಇದನ್ನು ಮಾಡಿದರೆ ಒದ್ದೆ ಪ್ರಾಣಿ ಮೈ ತಣ್ಣಗಾಗಿ ಸಾಯುತ್ತದೆ. ಕೆಲವು ನಿಮಿಷದಲ್ಲಿ ಏನೂ ಬರದಿದ್ದರೆ ನಿಲ್ಲಿಸಿ. ಮರಳು ಮಣ್ಣಿನಲ್ಲಿ ಎಷ್ಟು ಸುರಿದರೂ ಇಂಗಿ ಹೋಗುತ್ತದೆ, ಸುಮ್ಮನೆ ನೀರು ದಂಡ.

ಬಿಡುವ ದಿನ, ಆಮೇಲಿನ ವಾರಗಳು

ಹಿಡಿದ ದಿನವೇ ಬಿಡಿ. ಕುಟುಂಬವನ್ನು ಬಿಲಕ್ಕೆ ಇಳಿಸಿದ ಮೇಲೆ ಪ್ರತಿ ಬಾಯಿಗೂ ಎರಡಡಿ ಚೌಕದ ತಂತಿಯ ಮುಚ್ಚುಗೂಡು ಕೂರಿಸಿ, ಅಂಚನ್ನು ಹೊರಕ್ಕೆ ಒಂದಡಿ ಮಡಿಚಿ ಗೂಟ ಹೊಡೆಯಿರಿ. ಒಳಗೆ ಕಾಳು, ಹಸಿ ತರಕಾರಿ, ಮೇಲೆ ಅರ್ಧ ಭಾಗಕ್ಕೆ ನೆರಳು. ಮೂರರಿಂದ ಐದು ದಿನ ಹೀಗಿದ್ದರೆ ಬಿಲ ತಮ್ಮದೆನ್ನುವಷ್ಟು ಒಗ್ಗುತ್ತದೆ. ಗೂಡಿಲ್ಲದೆ ಬಿಟ್ಟರೆ ಹಳೆಯ ಮನೆ ಹುಡುಕುತ್ತ ದಿಕ್ಕಾಪಾಲಾಗಿ ಓಡುತ್ತವೆ, ಗಿಡುಗಕ್ಕೆ ಹಬ್ಬ. ಪಾರ್ಕಿನಲ್ಲಿ ಅಕ್ಕಪಕ್ಕವಿದ್ದ ಕುಟುಂಬಗಳನ್ನು ಇಲ್ಲೂ ಅಕ್ಕಪಕ್ಕವೇ ಇಡಿ. ಹಳೆಯ ನೆರೆಯವರೊಂದಿಗಿನ ಜಗಳ ಬೇಗ ತಣಿಯುತ್ತದೆ.

ಗೂಡು ತೆಗೆದ ಮೇಲೆ ಎರಡು ವಾರ ಕಾಳು ಹಾಕಿ. ಮೊದಲ ವಾರದ ಕೊನೆಗೆ, ತಿಂಗಳಿಗೆ, ಮುಂದಿನ ವಸಂತಕ್ಕೆ ಎಣಿಸಿ. ಎಲ್ಲ ಸರಿಯಾಗಿ ಮಾಡಿದರೂ ಅರ್ಧದಷ್ಟು ಕಳೆದುಕೊಳ್ಳುವುದು ಅಪರೂಪವಲ್ಲ, ಇದನ್ನು ಊರಿನ ಸಭೆಯಲ್ಲಿ ಮೊದಲೇ ಹೇಳಿಬಿಡುವುದು ಒಳಿತು. ಬಿಲದ ಬಾಯಿ ಬಕೆಟ್ಟಿನಷ್ಟು ಅಗಲವಾಗಿ ಕಿತ್ತಿದ್ದರೆ ಬ್ಯಾಡ್ಜರ್ ಬಂದಿದೆ ಎಂದರ್ಥ. ಜಾಗವೇ ಸಿಗದ ಪ್ರಾಣಿಗಳನ್ನು ಪ್ರೇರಿ ಡಾಗ್ ತಿಂದು ಬದುಕುವ, ಅಳಿವಿನಂಚಿನ ಕಪ್ಪುಗಾಲಿನ ಫೆರೆಟ್‌ಗೆ ಆಹಾರವಾಗಿ ಕೊಲೊರಾಡೊದ ಕಾರ್ ಊರಿನ ಬಳಿಯ ಸಂರಕ್ಷಣಾ ಕೇಂದ್ರಕ್ಕೆ ಕೊಡುವ ದಾರಿಯೂ ಇದೆ. ಕೇಳಲು ಕಷ್ಟವೆನಿಸಿದರೂ ಹುಲ್ಲುಗಾವಲಿನಲ್ಲಿ ಆ ಎರಡರ ಸಂಬಂಧ ಅದೇ.

ಖಾಲಿಯಾದ ಪಾರ್ಕನ್ನು ಹಾಗೇ ಬಿಟ್ಟರೆ ಕೆಲಸವೆಲ್ಲ ನೀರಿನಲ್ಲಿ ಹೋಮ. ಮತ್ತೆ ಪೇಪರ್ ತುರುಕಿ ಮೂರು ದಿನ ಕಾದು, ಗೂಬೆ ಇಲ್ಲವೆಂದು ಇನ್ನೊಮ್ಮೆ ನೋಡಿ, ಪ್ರತಿ ಬಿಲದ ಬಾಯನ್ನು 2 ಅಡಿ ಆಳಕ್ಕೆ ಕುಸಿಯಿಸಿ ಮಣ್ಣು ತುಂಬಿ ಗಟ್ಟಿಮಾಡಿ, ಹುಲ್ಲಿನ ಬೀಜ ಬಿತ್ತಿ. ತೆರೆದ ಹಳೆಯ ಬಿಲ ಎಂದರೆ ಬಾಡಿಗೆಗಿದೆ ಎಂದು ಬೋರ್ಡು ಹಾಕಿದಂತೆ. ಒಂದು ವರ್ಷ ತುಂಬಿದ ಗಂಡುಗಳು ಹೊಸ ಮನೆ ಹುಡುಕಿ ಹೊರಡುವುದು ಮೇ–ಜೂನಿನಲ್ಲಿ, ಹಾಗಾಗಿ ಬೇಲಿಯ ಬುಡದ ಜಾಲರಿಯನ್ನು ಏಪ್ರಿಲ್‌ನಲ್ಲೇ ಒಂದು ಸುತ್ತು ನಡೆದು ನೋಡಿ, ಹಿಮ ಕರಗಿದ ನೀರು ಕೊರೆದ ಕಡೆ ಮಣ್ಣು ತುಂಬಿ.